ವೈದ್ಯನಿಟ್ಟ ಶಲ್ಯ

ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ಶಸ್ತ್ರವೈದ್ಯಕ್ಕೆ ಶಲ್ಯತಂತ್ರವೆಂದು ಹೆಸರು. ದೇಹದೊಳಗೆ ಸೇರಿಕೊಂಡು ಬಾಧೆಯನ್ನುಂಟುಮಾಡುವ ಯಾವ ವಸ್ತುವಾದರೂ ಶಲ್ಯವೇ. ಬಾಣದ ಮೊನೆಯಾಗಲಿ, ಮುಳ್ಳಾಗಲಿ, ಒಡೆದ ಎಲುಬಿನ ಚೂರಾಗಲಿ, ಅದನ್ನು ಹೊರತೆಗೆಯುವುದೇ ಶಸ್ತ್ರವೈದ್ಯನ ಮೊದಲನೆಯ ಧರ್ಮವೆಂದು ಪ್ರಾಚೀನರು ತಿಳಿದಿದ್ದರು. ಆದರೆ ಇಲ್ಲೊಂದು ವಿಚಿತ್ರವಾದ ತೊಡಕು ಉಂಟು. ಗಾಯವನ್ನು ಶುದ್ಧಿಮಾಡಿ ಶಲ್ಯವನ್ನು ತೆಗೆದ ವೈದ್ಯನು ಅದೇ ಗಾಯವನ್ನು ಕೂಡಿಸುವುದಕ್ಕಾಗಿ ನೂಲನ್ನು ಹಾಕುತ್ತಾನೆ. ಆ ನೂಲೂ ದೇಹಕ್ಕೆ ಪರವಸ್ತುವೇ ಅಲ್ಲವೆ? ತೆಗೆಯುವ ಕೈಯೇ ಇಡುವ ಕೈಯೂ ಆಯಿತು. ವೈದ್ಯನು ತಾನೇ ಇಟ್ಟ ಈ ಶಲ್ಯವನ್ನು ಶಲ್ಯವಾಗದಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆ ಚರಿತ್ರೆಯನ್ನು, ಮನುಷ್ಯನ ಎದೆಗೂಡನ್ನು ಮರಳಿ ಕಟ್ಟುವ ವಿದ್ಯೆಯವರೆಗೆ ನಡೆಸಿಕೊಂಡು ಹೋಗುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹೊಲಿಗೆಯ ದ್ರವ್ಯಗಳನ್ನು ಎಣಿಸಿದೆ: ಸೂಕ್ಷ್ಮವಾದ ನೂಲು, ಅಶ್ಮಂತಕದ ನಾರು, ಸೆಣಬಿನ ದಾರ, ಕ್ಷೌಮದ ದಾರ, ಸ್ನಾಯು, ಕೂದಲು, ಮೂರ್ವೆಯ ಮತ್ತು ಅಮೃತಬಳ್ಳಿಯ ಎಳೆಗಳು. ಹೊಲಿಯುವುದಕ್ಕೆ ಮುಂಚೆ ಧೂಳು, ರೋಮ, ಉಗುರು, ಅಲುಗುವ ಎಲುಬಿನ ತುಂಡು ಇವನ್ನು ತೆಗೆಯದಿದ್ದರೆ ವ್ರಣವು ಬಹಳವಾಗಿ ಕೀವುಗೂಡುವುದೆಂದೂ, ಸೂಜಿಯನ್ನು ಗಾಯದ ಅಂಚಿನಿಂದ ಅತಿ ದೂರದಲ್ಲಿ ಚುಚ್ಚಿದರೆ ನೋವೂ ಅತಿ ಸಮೀಪದಲ್ಲಿ ಚುಚ್ಚಿದರೆ ಅಂಚು ಹರಿಯುವುದೂ ಉಂಟಾಗುವುದೆಂದೂ ಅಲ್ಲಿ ಎಚ್ಚರಿಸಿದೆ. ಉದರರೋಗದ ಚಿಕಿತ್ಸೆಯಲ್ಲಿ ಇನ್ನೊಂದು ಆಶ್ಚರ್ಯಕರವಾದ ವಿಧಾನವಿದೆ. ಸೀಳಿದ ಕರುಳಿನ ಅಂಚುಗಳನ್ನು ಕೂಡಿಸಿ ಹಿಡಿದು ಕರಿಯ ಇರುವೆಗಳಿಂದ ಕಚ್ಚಿಸುವುದು; ಕಚ್ಚಿ ಹಿಡಿದ ಮೇಲೆ ಇರುವೆಯ ಮೈಯನ್ನು ಕತ್ತರಿಸಿ ತಲೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಹೊಟ್ಟೆಯನ್ನು ಮುಚ್ಚುವುದು.

ಇವೆಲ್ಲಕ್ಕಿಂತ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರವಾದುದು, ಒಳಗೆ ಮರೆಯಾಗಿ ಉಳಿದುಹೋದ ಶಲ್ಯಗಳನ್ನು ಕುರಿತ ಅಧ್ಯಾಯ. ಅಲ್ಲಿ ಆಚಾರ್ಯನು ಶಲ್ಯಗಳನ್ನು ಎರಡು ವರ್ಗಗಳಾಗಿ ವಿಂಗಡಿಸುತ್ತಾನೆ. ಚಿನ್ನ, ಬೆಳ್ಳಿ, ತಾಮ್ರ, ತವರ, ಸೀಸ ಮೊದಲಾದುವು ಬಹುಕಾಲ ದೇಹದಲ್ಲಿದ್ದರೆ ಪಿತ್ತದ ತೇಜಸ್ಸಿನಿಂದ ಕರಗಿ ಧಾತುಗಳೊಡನೆ ಒಂದಾಗುವುವಂತೆ. ಕೊಂಬು, ಹಲ್ಲು, ಕೂದಲು, ಎಲುಬು, ಬಿದಿರು, ಮರ, ಕಲ್ಲು, ಮಣ್ಣಿನ ವಸ್ತುಗಳು ಕರಗುವುದಿಲ್ಲವಂತೆ. ಚಿನ್ನವು ದೇಹದಲ್ಲಿ ಕರಗುವುದೆಂಬ ಮಾತನ್ನು ಇಂದಿನ ಶಾಸ್ತ್ರವು ಒಪ್ಪುವುದಿಲ್ಲ. ನಾವೂ ಅಭಿಮಾನದ ಭರದಲ್ಲಿ ಅದನ್ನು ಸಮರ್ಥಿಸಬೇಕಾದುದಿಲ್ಲ. ಆದರೆ ದೇಹವು ಯಾವುದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ, ಯಾವುದನ್ನು ಮಾಡಿಕೊಳ್ಳಲಾರದು ಎಂದು ವಿಂಗಡಿಸಬೇಕೆಂಬ ಬುದ್ಧಿ ಹುಟ್ಟಿತಲ್ಲ, ಅದು ದೊಡ್ಡದು. ಉತ್ತರವು ತಪ್ಪಾಗಿದ್ದರೂ ಪ್ರಶ್ನೆಯು ಸರಿಯಾಗಿತ್ತು. ಪ್ರಾಚೀನರಿಗೆ ಸಲ್ಲಬೇಕಾದ ಗೌರವವು ಇಷ್ಟರಿಂದಲೇ ಪೂರ್ಣವಾಗಿ ಸಲ್ಲುತ್ತದೆ. ಇಂದಿನ ಕೃತಕ ದ್ರವ್ಯಗಳನ್ನೆಲ್ಲ ಅವರು ಅಂದೇ ಬಲ್ಲವರಾಗಿದ್ದರೆಂದು ಹೇಳುವುದರಿಂದ ಅವರ ಕೀರ್ತಿಯು ಹೆಚ್ಚುವುದಿಲ್ಲ.

ಪಶ್ಚಿಮದೇಶಗಳಲ್ಲಿ ಈ ಪ್ರಶ್ನೆಯು ಬೇರೆ ದಾರಿಯಲ್ಲಿ ಬೆಳೆಯಿತು. ಕ್ರಿ.ಶ. ೧೦೦೦ದ ಸುಮಾರಿನಲ್ಲಿ ಸ್ಪೇನಿನ ಕಾರ್ಡೋವಾ ಪ್ರಾಂತದಲ್ಲಿದ್ದ ಅರಬ್ಬೀ ವೈದ್ಯ ಅಲ್ ಜಹ್ರಾವಿಯು ಪ್ರಾಣಿಗಳ ಕರುಳಿನಿಂದ ತೆಗೆದ ಎಳೆಯಿಂದ ಕರುಳಿನ ಗಾಯವನ್ನು ಹೊಲಿಯುವುದನ್ನು ವರ್ಣಿಸಿದ್ದಾನೆ. ಆದರೆ ಯೂರೋಪಿನ ಶಸ್ತ್ರವೈದ್ಯರು ಬಹುಕಾಲ ರೇಷ್ಮೆ ಮತ್ತು ನಾರಿನ ದಾರಗಳನ್ನೇ ನೆಚ್ಚಿದ್ದರು. ರಕ್ತನಾಳವನ್ನು ಕಟ್ಟಿದ ದಾರದ ತುದಿಯನ್ನು ಗಾಯದಿಂದ ಹೊರಕ್ಕೆ ಜೋಲುಬಿಟ್ಟು, ಒಳಗೆ ಕೀವಾಗಿ ಅದು ಸಡಿಲಿದ ಮೇಲೆ ಎಳೆದು ತೆಗೆಯುವುದು ಅವರ ಕ್ರಮವಾಗಿತ್ತು. ಹೀಗೆ ಎಳೆಯುವಾಗ ಎಷ್ಟೋ ವೇಳೆ ನಾಳವು ಮತ್ತೆ ಬಿಚ್ಚಿ ರಕ್ತವು ಸುರಿದು ರೋಗಿಯು ಸಾಯುತ್ತಿದ್ದನು. ೧೮೧೬ರಲ್ಲಿ ಅಮೆರಿಕಾದ ಫಿಲಿಪ್ ಸಿಂಗ್ ಫಿಸಿಕ್ ಎಂಬ ವೈದ್ಯನು ಚರ್ಮದ ಎಳೆಗಳನ್ನು ಬಳಸಿ, ಅವು ಒಳಗೇ ಕರಗುವುದನ್ನು ತಿಳಿಸಿದನು. ಮರುವರ್ಷ ಲಂಡನ್ನಿನ ಆಸ್ಟ್ಲಿ ಕೂಪರನು ೮೦ ವರ್ಷದ ಮುದುಕನೊಬ್ಬನ ಕಾಲಿನ ಧಮನಿಯನ್ನು ಕರುಳಿನ ದಾರದಿಂದ ಕಟ್ಟಿ, ತುದಿಗಳನ್ನು ಕತ್ತರಿಸಿ ಗಾಯವನ್ನು ಮುಚ್ಚಿಬಿಟ್ಟನು. ಗಾಯವು ಕೀವಿಲ್ಲದೆ ಮಾಗಿತು.

ಈ ಕರುಳಿನ ದಾರಕ್ಕೆ ಆಂಗ್ಲೇಯರು ಕ್ಯಾಟ್‌ಗಟ್ ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ಬೆಕ್ಕು ಇದ್ದರೂ ವಸ್ತುವಿನಲ್ಲಿ ಬೆಕ್ಕಿಲ್ಲ. ಅದು ಕುರಿಯ ಅಥವಾ ದನದ ಕರುಳಿನಿಂದ ಆದದ್ದು. ನಂಜುನಿವಾರಕ ಕ್ರಮವನ್ನು ಸ್ಥಾಪಿಸಿದ ಜೋಸೆಫ್ ಲಿಸ್ಟರನು ೧೮೬೮ರ ಕೊನೆಯಲ್ಲಿ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಇಂತಹ ದಾರದಿಂದ ಕರುವೊಂದರ ಧಮನಿಯನ್ನು ಕಟ್ಟಿ, ಒಂದು ತಿಂಗಳ ತರುವಾಯ ಪರೀಕ್ಷಿಸಿದಾಗ, ದಾರವಿದ್ದೆಡೆಯಲ್ಲಿ ಜೀವಂತವಾದ ಹೊಸ ಮಾಂಸತಂತುವಿರುವುದನ್ನು ಕಂಡನು. ೧೮೬೯ರಲ್ಲಿ ಈ ಶೋಧವು ಪ್ರಕಟವಾಯಿತು. ದಾರವು ಬಹುಬೇಗ ಕರಗಿಹೋಗದಂತೆ ಕ್ರೋಮಿಕ್ ಆಮ್ಲದಿಂದ ಹದಗೊಳಿಸುವ ವಿಧಾನವನ್ನು ಅವನೇ ೧೮೮೧ರಲ್ಲಿ ತಿಳಿಸಿದನು. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಜಗತ್ತಿನ ಶಸ್ತ್ರವೈದ್ಯರೆಲ್ಲ ಕರಗುವ ದಾರವೆಂದರೆ ಕರುಳಿನ ದಾರವೆಂದೇ ತಿಳಿದಿದ್ದರು.

ಆದರೆ ಅದರಲ್ಲಿ ದೊಡ್ಡದೊಂದು ದೋಷವಿತ್ತು. ದೇಹದ ಪಾಚಕರಸಗಳೂ ಬಿಳಿಯ ರಕ್ತಕಣಗಳೂ ಅದನ್ನು ಮಾಂಸವನ್ನು ಜೀರ್ಣಿಸುವಂತೆ ಜೀರ್ಣಿಸುತ್ತಿದ್ದವು. ಆದುದರಿಂದ ಒಬ್ಬನಲ್ಲಿ ಅದು ಮೂರು ವಾರ ನಿಂತರೆ ಇನ್ನೊಬ್ಬನಲ್ಲಿ ಒಂದೇ ವಾರಕ್ಕೆ ಸಡಿಲುತ್ತಿತ್ತು. ಗಾಯವು ಕೀವುಗೂಡಿದರಂತೂ ಯಾವಾಗ ಬಲವು ಹೆಚ್ಚು ಬೇಕೋ ಆಗಲೇ ಬೇಗ ಕರಗಿಬಿಡುತ್ತಿತ್ತು. ಲೋಹಗಳಲ್ಲಿಯೂ ಇಂತಹ ಪ್ರಯೋಗಗಳು ನಡೆದವು. ೨೦ನೆಯ ಶತಮಾನದ ಮೊದಲನೆಯ ದಶಕದಲ್ಲಿ ಬೆಲ್ಜಿಯಂ ದೇಶದ ಲಂಬೋಟನು ಮುರಿದ ಕಾಲೆಲುಬಿಗೆ ಮೆಗ್ನೀಸಿಯಂ ಲೋಹದ ತಗಡನ್ನು ಉಕ್ಕಿನ ಮೊಳೆಗಳಿಂದ ಬಿಗಿದನು. ಆ ತಗಡು ಎಂಟೇ ದಿನಗಳಲ್ಲಿ ಶಿಥಿಲವಾಗಿ, ಚರ್ಮದ ಕೆಳಗೆ ಅನಿಲವು ತುಂಬಿಕೊಂಡಿತು. ಎಲುಬು ಕೂಡುವುದಕ್ಕೆ ತಿಂಗಳುಗಳು ಬೇಕು. ಆಧಾರವು ವಾರದಲ್ಲಿ ಮಾಯವಾದರೆ ಏನು ಫಲ? ಕರಗುವುದೊಂದೇ ಸಾಲದು, ಕಾಲವರಿತು ಕರಗಬೇಕು ಎಂಬ ಪಾಠವನ್ನು ಈ ಸೋಲುಗಳು ಕಲಿಸಿದವು.

ಈ ಪಾಠದ ಮಹತ್ವವು ಎಲ್ಲಕ್ಕಿಂತ ಹೆಚ್ಚಾಗಿ ತೋರುವುದು ಎದೆಗೂಡಿನಲ್ಲಿ. ಹನ್ನೆರಡು ಜೊತೆ ಪಕ್ಕೆಲುಬುಗಳೂ, ಮುಂದೆ ಎದೆಯೆಲುಬೂ, ಹಿಂದೆ ಬೆನ್ನೆಲುಬೂ ಸೇರಿ ಆದ ಈ ಗೂಡು ಕಮ್ಮಾರನ ತಿದಿಯನ್ನು ಹೋಲುತ್ತದೆ. ಅದು ಹಿಗ್ಗಿದಾಗ ಒಳಗಿನ ಒತ್ತಡವು ಇಳಿದು ಗಾಳಿಯು ಶ್ವಾಸಕೋಶಗಳಿಗೆ ನುಗ್ಗುತ್ತದೆ, ಕುಗ್ಗಿದಾಗ ಹೊರಬೀಳುತ್ತದೆ. ಪೆಟ್ಟಿನಿಂದಲೋ ಅರ್ಬುದವನ್ನು ಕೊಯ್ದು ತೆಗೆದುದರಿಂದಲೋ ಹಲವು ಪಕ್ಕೆಲುಬುಗಳ ಭಾಗವು ಇಲ್ಲವಾದರೆ, ಉಸಿರನ್ನು ಒಳಕ್ಕೆ ಎಳೆದುಕೊಳ್ಳುವಾಗ ಉಬ್ಬಬೇಕಾದ ಆ ಜಾಗವು ಒಳಕ್ಕೆ ಕುಸಿಯುತ್ತದೆ, ಬಿಡುವಾಗ ಹೊರಕ್ಕೆ ಉಬ್ಬುತ್ತದೆ. ತಿದಿಗೆ ತೂತು ಬಿದ್ದು ಮೆತ್ತನೆಯ ಚಿಂದಿಯನ್ನು ಹೊದಿಸಿದಂತಾಗುತ್ತದೆ. ಆದುದರಿಂದ ಸುಮಾರು ೫ ಸೆಂಟಿಮೀಟರಿಗಿಂತ ಅಗಲವಾದ, ಅಥವಾ ನಾಲ್ಕಕ್ಕಿಂತ ಹೆಚ್ಚು ಪಕ್ಕೆಲುಬುಗಳು ಹೋದ ಕಂಡಿಗೆ ಗಟ್ಟಿಯಾದ ಆಸರೆಯನ್ನು ಕೊಡಬೇಕೆಂದು ಶಸ್ತ್ರವೈದ್ಯರು ಸಾಮಾನ್ಯವಾಗಿ ಗಣಿಸುತ್ತಾರೆ. ಬೆನ್ನಿನ ಕಡೆಯಲ್ಲಿ ಹೆಗಲಿನ ಹಲಗೆಯೆಲುಬು ತಾನೇ ಮುಚ್ಚಿಕೊಳ್ಳುವುದರಿಂದ ಇನ್ನೂ ದೊಡ್ಡ ಕಂಡಿಯನ್ನು ಹಾಗೆಯೇ ಬಿಡಬಹುದು.

ಎದೆಯನ್ನು ತೆರೆಯುವುದೇ ಒಂದು ಕಾಲಕ್ಕೆ ಅಸಾಧ್ಯವೆನಿಸಿತ್ತು. ತೆರೆದೊಡನೆ ಶ್ವಾಸಕೋಶವು ಕುಗ್ಗಿಬಿಡುತ್ತಿತ್ತು. ೧೯೦೪ರಲ್ಲಿ ಬ್ರೆಸ್ಲೌ ನಗರದಲ್ಲಿ ಫರ್ಡಿನಂಡ್ ಸಾವರ್‌ಬ್ರುಖನು ರೋಗಿಯ ತಲೆಯನ್ನು ಹೊರಗಿಟ್ಟು, ಮೈಯನ್ನು ಗಾಳಿಯ ಒತ್ತಡವನ್ನು ತಗ್ಗಿಸಿದ ಕೋಣೆಯೊಳಗಿಟ್ಟು ಶಸ್ತ್ರಕ್ರಿಯೆ ನಡೆಸುವ ಉಪಾಯವನ್ನು ಪ್ರಕಟಿಸಿದನು. ೧೯೦೯ರಲ್ಲಿ ಮೆಲ್ಟ್ಸರ್ ಮತ್ತು ಆವರ್ ಎಂಬವರು ಶ್ವಾಸನಾಳದೊಳಗೆ ಕೊಳವೆಯಿಟ್ಟು ಗಾಳಿಯೂದುವ ಸುಲಭವಾದ ಮಾರ್ಗವನ್ನು ತೋರಿಸಿದರು. ಹೀಗೆ ತೆರೆಯುವ ದಾರಿಯಾಯಿತು. ಮುಚ್ಚುವ ದಾರಿಯು ಇನ್ನೂ ಉಳಿಯಿತು. ರೋಗಿಯ ಬೇರೆಡೆಯ ಎಲುಬು, ತೊಡೆಯ ಪೊರೆ, ಬೆನ್ನಿನ ಮಾಂಸಖಂಡ ಇವನ್ನು ತಂದು ಮುಚ್ಚುವ ಪ್ರಯತ್ನಗಳು ನಡೆದವು. ಎರಡನೆಯ ಮಹಾಯುದ್ಧದ ತರುವಾಯ ಕೃತಕ ನೂಲುಗಳು ಬಂದವು. ಅಮೆರಿಕಾದ ಫ್ರಾನ್ಸಿಸ್ ಅಷರನು ಮಾರ್ಲೆಕ್ಸ್ ಎಂಬ ದ್ರವ್ಯದ ಜಾಲರಿಯನ್ನು ಬಳಕೆಗೆ ತಂದನು. ೧೯೬೦ರಲ್ಲಿ ಗ್ರಹಾಮ್, ಅಷರ್ ಮೊದಲಾದವರು ಅದರಿಂದ ಎದೆಗೋಡೆಯ ಕಂಡಿಗಳನ್ನು ಮುಚ್ಚಿದ ವಿವರವನ್ನು ಪ್ರಕಟಿಸಿದರು. ೧೯೮೧ರಲ್ಲಿ ನ್ಯೂಯಾರ್ಕಿನ ಮೆಕಾರ್ಮಕ್ ಮತ್ತು ಸಂಗಡಿಗರು, ಎರಡು ಪದರ ಜಾಲರಿಯ ನಡುವೆ ಗಟ್ಟಿಯಾಗಿ ಹೆಪ್ಪುಗಟ್ಟುವ ಮೀಥೈಲ್ ಮೆಥಾಕ್ರಿಲೇಟ್ ಎಂಬ ದ್ರವ್ಯವನ್ನಿಟ್ಟು ಎದೆಯ ಆಕಾರಕ್ಕೆ ಹೊಂದುವ ಫಲಕವನ್ನು ಮಾಡುವ ಕ್ರಮವನ್ನು ವಿವರಿಸಿದರು. ಅಸಂಖ್ಯಾತ ರೋಗಿಗಳು ಈ ಶಾಶ್ವತ ದ್ರವ್ಯಗಳಿಂದ ಬದುಕಿದ್ದಾರೆ, ಇಂದಿಗೂ ಬದುಕುತ್ತಿದ್ದಾರೆ.

ಆದರೂ ಶಾಶ್ವತವಾದುದಕ್ಕೆ ಎರಡು ಕಡೆ ಅಡ್ಡಿ ಬಂದಿತು. ಒಂದು, ನಂಜೇರಿದ ಗಾಯ. ಕೀವಿನ ನಡುವೆ ಇಟ್ಟ ಜಾಲರಿಯ ಸಂದುಗಳಲ್ಲಿ ಸೂಕ್ಷ್ಮಜೀವಿಗಳು ಮನೆಮಾಡಿಕೊಂಡರೆ ಔಷಧಿಯು ಅಲ್ಲಿಗೆ ಮುಟ್ಟುವುದು ಕಷ್ಟ. ಕೊನೆಗೆ ಅದನ್ನು ಕಿತ್ತು ತೆಗೆಯದೆ ಗತ್ಯಂತರವಿಲ್ಲ. ಸುಶ್ರುತನು ಹೇಳಿದ ಶಲ್ಯದ ಲಕ್ಷಣವೆಲ್ಲ ಆಗ ಅದಕ್ಕೆ ಬಂದುಬಿಡುತ್ತದೆ. ಎರಡನೆಯದು ಮಗುವಿನ ಎದೆ. ಮಗುವು ಬೆಳೆಯುತ್ತದೆ, ಫಲಕವು ಬೆಳೆಯುವುದಿಲ್ಲ. ಇಂದು ಸರಿಯಾಗಿ ಹೊಂದಿದ ಆಸರೆಯು ಐದು ವರ್ಷಗಳ ಮೇಲೆ ಬಿಗಿದ ಪಟ್ಟಿಯಾಗಿ, ಗೂಡನ್ನು ಒಂದು ಕಡೆಗೆ ಎಳೆದು ಬೆನ್ನೆಲುಬನ್ನು ಸೊಟ್ಟಮಾಡಬಹುದು. ಬೆಳೆಯುವ ಎದೆಯ ವಿಷಯದಲ್ಲಿ ಎಷ್ಟು ಎಚ್ಚರವಿರಬೇಕೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಎದೆಯೆಲುಬು ಒಳಕ್ಕೆ ಕುಸಿದಿರುವ ಮಕ್ಕಳಿಗೆ ವಿಕೃತವಾದ ಮೃದ್ವಸ್ಥಿಗಳನ್ನು ತೆಗೆದು ಸರಿಪಡಿಸುವ ಕ್ರಮವನ್ನು ೧೯೪೯ರಲ್ಲಿ ಮಾರ್ಕ್ ರಾವಿಚ್ ವಿವರಿಸಿದ್ದನು. ಅದನ್ನು ಅತಿ ಎಳೆಯ ವಯಸ್ಸಿನಲ್ಲಿ, ಅತಿ ವಿಸ್ತಾರವಾಗಿ ಮಾಡಿದ ಕೆಲವು ಮಕ್ಕಳ ಎದೆಯು ಬೆಳೆಯದೆ ಬಿಗಿದುಕೊಂಡು ಉಸಿರಾಟಕ್ಕೆ ತೊಂದರೆಯಾದುದನ್ನು ೧೯೯೬ರಲ್ಲಿ ಹ್ಯಾಲರ್ ಮತ್ತು ಸಂಗಡಿಗರು ಪ್ರಕಟಿಸಿದರು. ಇಲ್ಲಿ ತೊಡಕಾದುದು ಹೊರಗಿನ ಫಲಕದಿಂದಲ್ಲ. ಆದರೂ ಇಂದಿನ ಆಕಾರವನ್ನು ಮಾತ್ರ ನೋಡಿ ನಾಳಿನ ಬೆಳವಣಿಗೆಯನ್ನು ಮರೆಯಬಾರದೆಂಬ ನೀತಿಯು ಎರಡಕ್ಕೂ ಒಂದೇ.

ಈ ಎರಡು ಅಡ್ಡಿಗಳಿಗೂ ಪರಿಹಾರವಾಗಿ ಬಂದ ದ್ರವ್ಯದ ಹುಟ್ಟು ಆಸ್ಪತ್ರೆಯಲ್ಲಿ ಆದುದಲ್ಲ, ಬಟ್ಟೆಯ ನೂಲನ್ನು ಹುಡುಕುತ್ತಿದ್ದ ರಸಾಯನಶಾಲೆಯಲ್ಲಿ. ನೈಲಾನನ್ನು ಕಂಡುಹಿಡಿದ ವಾಲೆಸ್ ಕೆರೊದರ್ಸನು ಅಮೆರಿಕಾದ ಡ್ಯೂಪಾಂಟ್ ಕಂಪೆನಿಯಲ್ಲಿದ್ದಾಗ, ೧೯೩೨ರಲ್ಲಿಯೇ, ಲ್ಯಾಕ್ಟಿಕ್ ಆಮ್ಲದಿಂದ ಬರುವ ಲ್ಯಾಕ್ಟೈಡಿನ ಅಣುಗಳನ್ನು ಸರಪಳಿಯಾಗಿ ಕೂಡಿಸುವ ವಿಷಯವನ್ನು ಪ್ರಕಟಿಸಿದ್ದನು. ಆದರೆ ಈ ಜಾತಿಯ ನೂಲುಗಳು ಶಾಖಕ್ಕೆ ಬೇಗ ಕರಗುತ್ತಿದ್ದವು. ನೀರು ತಗುಲಿದರೆ ಅವುಗಳ ಸರಪಳಿಯು ತುಂಡಾಗುತ್ತಿತ್ತು. ಒಗೆದರೆ ಹಾಳಾಗುವ ನೂಲಿನಿಂದ ಯಾರು ಉಡುಪನ್ನು ಹೊಲಿಸಿಕೊಂಡಾರು? ೧೯೩೫ರಲ್ಲಿ ನೈಲಾನು ದೊರೆತ ಮೇಲೆ ಇವು ಮೂಲೆಗೆ ಬಿದ್ದವು. ಮೂವತ್ತು ವರ್ಷಗಳ ತರುವಾಯ ಶಸ್ತ್ರವೈದ್ಯದ ದೃಷ್ಟಿಯಿಂದ ನೋಡಿದವರಿಗೆ ಆ ದೋಷವೇ ಗುಣವಾಗಿ ಕಂಡಿತು. ೧೯೬೬ರಲ್ಲಿ ಅಮೆರಿಕಾದ ಸೇನೆಯ ವೈದ್ಯಕೀಯ ಸಂಶೋಧನಾಲಯದಲ್ಲಿದ್ದ ಕುಲಕರ್ಣಿ, ಪಾಣಿ, ನ್ಯೂಮನ್, ಲಿಯೊನಾರ್ಡ್ ಎಂಬ ನಾಲ್ವರು, ಲ್ಯಾಕ್ಟಿಕ್ ಆಮ್ಲದ ಈ ಸರಪಳಿಯು ಪ್ರಾಣಿಗಳ ದೇಹದಲ್ಲಿ ವಿಷವಾಗದೆ ಮೆಲ್ಲನೆ ಕರಗುವುದನ್ನು ಪ್ರಕಟಿಸಿದರು. ೧೯೬೭ರಲ್ಲಿ ಶ್ಮಿಟ್ ಮತ್ತು ಪೊಲಿಸ್ಟಿನಾ ಎಂಬವರು ಪಾಲಿಗ್ಲೈಕಾಲಿಕ್ ಆಮ್ಲದ ಹೊಲಿಗೆಯ ದಾರಕ್ಕೆ ಹಕ್ಕುಪತ್ರವನ್ನು ಪಡೆದರು. ೧೯೭೦ರಲ್ಲಿ ಅದು ಡೆಕ್ಸಾನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ೧೯೭೪ರಲ್ಲಿ ನೂರಕ್ಕೆ ತೊಂಬತ್ತು ಪಾಲು ಗ್ಲೈಕೊಲೈಡೂ ಹತ್ತು ಪಾಲು ಲ್ಯಾಕ್ಟೈಡೂ ಸೇರಿದ ವಿಕ್ರಿಲ್ ಬಂದಿತು. ೧೯೮೧ರಲ್ಲಿ ಪಾಲಿಡೈಯಾಕ್ಸನೋನ್ ಎಂಬ ಒಂಟಿಯೆಳೆಯ ದಾರದ ವಿವರವು ಪ್ರಕಟವಾಯಿತು.

ವಾಚಕರಿಗೆ ಈ ಆಮ್ಲಗಳು ಅಪರಿಚಿತವಲ್ಲ. ಲ್ಯಾಕ್ಟಿಕ್ ಆಮ್ಲವೆಂದರೆ ಮೊಸರಿನ ಹುಳಿ. ಓಡಿ ದಣಿದವನ ಮಾಂಸಖಂಡಗಳಲ್ಲಿಯೂ ಅದು ಹುಟ್ಟುತ್ತದೆ. ಗ್ಲೈಕಾಲಿಕ್ ಆಮ್ಲವು ಕಬ್ಬಿನ ರಸದಲ್ಲಿಯೂ ಇದೆ. ಇವುಗಳ ಅಣುಗಳನ್ನು ಸಾವಿರಾರು ಕೊಂಡಿಗಳ ಸರಪಳಿಯಾಗಿ ಪೋಣಿಸಿದರೆ ಗಟ್ಟಿಯಾದ ನೂಲಾಗುತ್ತದೆ. ದೇಹದಲ್ಲಿರುವ ನೀರು ಆ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ; ಬಿಡಿಯಾದ ಆಮ್ಲವನ್ನು ದೇಹವು ತನ್ನ ಎಂದಿನ ಕ್ರಮದಂತೆ ನೀರನ್ನಾಗಿಯೂ ಇಂಗಾಲಾಮ್ಲವಾಯುವನ್ನಾಗಿಯೂ ಮಾಡುತ್ತದೆ. ಕರುಳಿನ ದಾರವನ್ನು ಕರಗಿಸುತ್ತಿದ್ದುದು ಮನುಷ್ಯ ಮನುಷ್ಯನಿಗೂ ಬದಲಾಗುವ ಪಾಚಕರಸ. ಇದನ್ನು ಕರಗಿಸುವುದು ಎಲ್ಲರಲ್ಲಿಯೂ ಹೆಚ್ಚುಕಡಮೆ ಒಂದೇ ಸಮನಾಗಿರುವ ನೀರು. ಆದುದರಿಂದ ಇದರ ಆಯುಸ್ಸನ್ನು ಮೊದಲೇ ಗಣಿಸಬಹುದು. ವಿಕ್ರಿಲ್ ದಾರದ ಬಲವು ಕೆಲವು ವಾರಗಳಲ್ಲಿ ತೀರಿ, ಸುಮಾರು ೫೬ರಿಂದ ೭೦ ದಿನಗಳಲ್ಲಿ ಅದು ಇಲ್ಲವಾಗುತ್ತದೆ. ಪಾಲಿಡೈಯಾಕ್ಸನೋನಿಗೆ ಆರು ತಿಂಗಳು ಬೇಕು. ಲ್ಯಾಕ್ಟೈಡಿನ ಪಾಲು ಹೆಚ್ಚಾಗಿರುವ ಫಲಕಗಳು ಸುಮಾರು ಒಂದು ವರ್ಷವಿರುತ್ತವೆ. ಶುದ್ಧ ಎಲ್-ಲ್ಯಾಕ್ಟೈಡಿನವು ಹಲವು ವರ್ಷ ಉಳಿಯುತ್ತವೆ. ಬೆರಕೆಯ ಪ್ರಮಾಣವನ್ನು ಬದಲಿಸಿ ಆಯುಸ್ಸನ್ನು ಬದಲಿಸಬಹುದಾಯಿತು. ಲಂಬೋಟನ ತಗಡಿಗೆ ಇಲ್ಲದಿದ್ದ ಕಾಲಜ್ಞಾನವು ಇದಕ್ಕೆ ದೊರೆಯಿತು.

ದಾರವು ಜಾಲರಿಯಾಯಿತು, ಜಾಲರಿಯ ಜೊತೆಗೆ ಫಲಕವೂ ಮೊಳೆಯೂ ಬಂದವು. ನಂಜಿನ ಭಯವಿರುವ ಎದೆಯ ಕಂಡಿಗೆ ವಿಕ್ರಿಲ್ ಜಾಲರಿಯನ್ನು ಬಿಗಿಯಾಗಿ ಹೊಲಿದು, ಅದರ ಮೇಲೆ ಬೆನ್ನಿನ ಅಥವಾ ಎದೆಯ ಮಾಂಸಖಂಡವನ್ನು ರಕ್ತನಾಳದ ಸಮೇತ ತಿರುಗಿಸಿ ಹೊದಿಸುತ್ತಾರೆ. ಜಾಲರಿಯು ಕರಗುವ ಹೊತ್ತಿಗೆ ಅದರ ಸ್ಥಾನದಲ್ಲಿ ಗಾಯದ ಗಟ್ಟಿಯಾದ ನಾರುಪದರವು ಬೆಳೆದಿರುತ್ತದೆ. ಸೂಕ್ಷ್ಮಜೀವಿಗಳು ಶಾಶ್ವತವಾಗಿ ಅಡಗಿಕೊಳ್ಳುವುದಕ್ಕೆ ಮನೆಯೇ ಉಳಿಯುವುದಿಲ್ಲ. ಜಪಾನಿನ ಶಸ್ತ್ರವೈದ್ಯರು ೧೯೯೦ರ ದಶಕದಲ್ಲಿ, ಎದೆಯನ್ನು ತೆರೆಯುವಾಗ ಕತ್ತರಿಸಿದ ಪಕ್ಕೆಲುಬಿನ ತುದಿಗಳನ್ನು ಲ್ಯಾಕ್ಟಿಕ್ ಆಮ್ಲದ ಸಣ್ಣ ಮೊಳೆಗಳಿಂದ ಕೂಡಿಸುವುದನ್ನು ರೂಢಿಗೆ ತಂದರು. ಮಕ್ಕಳ ವಿಷಯದಲ್ಲಿ ಇದರ ಉಪಕಾರವು ಇನ್ನೂ ಸ್ಪಷ್ಟವಾಗಿದೆ. ೧೯೯೮ರಲ್ಲಿ ಡೊನಾಲ್ಡ್ ನಸ್ ಎಂಬವರು, ಕುಸಿದ ಎದೆಯೆಲುಬನ್ನು ಬಾಗಿದ ಉಕ್ಕಿನ ಪಟ್ಟಿಯಿಂದ ಒಳಗಿನಿಂದ ಎತ್ತಿ ನಿಲ್ಲಿಸುವ ಕ್ರಮವನ್ನು ಪ್ರಕಟಿಸಿದರು. ಅದು ಉತ್ತಮವಾದ ಕ್ರಮವೇ. ಆದರೆ ಕೆಲವು ವರ್ಷಗಳ ಮೇಲೆ ಪಟ್ಟಿಯನ್ನು ತೆಗೆಯಲು ಮಗುವನ್ನು ಮತ್ತೊಮ್ಮೆ ಶಸ್ತ್ರಕ್ರಿಯೆಗೆ ಒಳಪಡಿಸಬೇಕು. ಬಿಸಿಮಾಡಿದರೆ ಮೆತ್ತಗಾಗಿ, ಎದೆಯ ಬಾಗಿಗೆ ತಕ್ಕಂತೆ ಒಗ್ಗಿ, ತಣಿದ ಮೇಲೆ ಗಟ್ಟಿಯಾಗುವ ಕರಗುವ ಫಲಕಗಳನ್ನು ೨೧ನೆಯ ಶತಮಾನದ ಮೊದಲಿನಿಂದ ಮಕ್ಕಳ ಎದೆಗೂಡಿನ ದುರಸ್ತಿಗೆ ಕೆಲವರು ಬಳಸತೊಡಗಿದರು. ಅವನ್ನು ತೆಗೆಯುವುದಕ್ಕಾಗಿ ಎರಡನೆಯ ಸಲ ಕೊಯ್ಯಬೇಕಾದುದಿಲ್ಲ. ಬೆಳೆಯುವ ಎದೆಗೆ ಅವು ಬೇಡಿಯಾಗುವುದಿಲ್ಲ. ಪಕ್ಕೆಲುಬನ್ನು ಹಿಡಿದು ನಿಲ್ಲಿಸಿ ಉಸಿರಾಟವನ್ನು ಕಾಪಾಡಿದ ಫಲಕವು ಕೊನೆಗೆ ಬಹುಮಟ್ಟಿಗೆ ಅದೇ ಉಸಿರಿನಲ್ಲಿ ಹೊರಟುಹೋಗುತ್ತದೆ.

ಇದರಿಂದ ಎಲ್ಲ ತೊಡಕುಗಳೂ ತೀರಿದವೆಂದು ವಾಚಕರು ಭಾವಿಸಬಾರದು. ೧೯೮೦ರ ದಶಕದಿಂದ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಮುರಿದ ಎಲುಬುಗಳಿಗೆ ಪಾಲಿಗ್ಲೈಕಾಲಿಕ್ ಆಮ್ಲದ ಕಡ್ಡಿಗಳನ್ನು ಬಳಸಿದ ವೈದ್ಯರು, ಕೆಲವರಲ್ಲಿ ಅದು ಕರಗುವ ಕಾಲಕ್ಕೆ ಊತವೂ ನಂಜಿಲ್ಲದ ಸೋರಿಕೆಯೂ ಕಾಣಿಸಿಕೊಂಡುದನ್ನು ಪ್ರಾಮಾಣಿಕವಾಗಿ ವರದಿಮಾಡಿದ್ದಾರೆ. ಒಂದೇ ಸಲಕ್ಕೆ ಹೆಚ್ಚು ಆಮ್ಲವು ಬಿಡುಗಡೆಯಾದರೆ ಸುತ್ತಣ ಮಾಂಸವು ಅದನ್ನು ಸಾಗಿಸಲಾರದು. ಇದಲ್ಲದೆ ಉಕ್ಕಿನ ಬಲವು ಇವಕ್ಕಿಲ್ಲ. ಅರ್ಬುದಕ್ಕಾಗಿ ಬಹುಭಾಗವನ್ನು ತೆಗೆಯಬೇಕಾದ ವಯಸ್ಕನ ಎದೆಯಲ್ಲಿ, ಎರಡು ತಿಂಗಳಿಗೆ ಕರಗುವ ಜಾಲರಿಯೊಂದನ್ನೇ ನೆಚ್ಚಿದರೆ ಉಳಿಯುವುದು ತೆಳುವಾದ ನಾರುಪದರ ಮಾತ್ರ. ಅದು ಸಡಿಲಿ ಶ್ವಾಸಕೋಶವು ಉಬ್ಬಿ ಹೊರಬರುವ ಭಯವುಂಟು. ಅಂತಹ ಕಡೆ ಶಾಶ್ವತವಾದ ಫಲಕವೇ ಲೇಸು. ಬೆಲೆಯೂ ಅಲ್ಪವಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಹೋಗಗೊಡಬೇಕು ಎಂಬ ವಿವೇಕವನ್ನು ದ್ರವ್ಯವು ತಾನಾಗಿ ಕೊಡಲಾರದು. ರೋಗಿಯ ವಯಸ್ಸು, ಗಾಯದ ಶುದ್ಧಿ, ಕಂಡಿಯ ಅಗಲ ಇವನ್ನು ನೋಡಿ ವೈದ್ಯನೇ ನಿರ್ಧರಿಸಬೇಕು.

ಶಂಕರಾಚಾರ್ಯರ ಹೆಸರಿನಲ್ಲಿರುವ ಆತ್ಮಬೋಧದಲ್ಲಿ ಕತಕಬೀಜದ ದೃಷ್ಟಾಂತವೊಂದಿದೆ. ಕದಡಿದ ನೀರಿಗೆ ಆ ಬೀಜದ ಪುಡಿಯನ್ನು ಹಾಕಿದರೆ ಅದು ಕೊಳೆಯನ್ನು ತಳಕ್ಕಿಳಿಸಿ ತಾನೂ ಇಲ್ಲವಾಗುವಂತೆ, ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಲಯವಾಗುವುದೆಂದು ಅಲ್ಲಿ ಹೇಳಿದೆ. ವೇದಾಂತದ ಆ ಮಾತನ್ನು ವೈದ್ಯಕ್ಕೆ ಎಳೆದು ತರುವುದು ನಮ್ಮ ಉದ್ದೇಶವಲ್ಲ. ಆದರೆ ಉಪಕಾರವು ಪೂರ್ಣವಾಗುವುದು ಉಪಕರಣವು ಹಿಂದೆಗೆದಾಗ ಎಂಬ ತತ್ತ್ವವು ಎರಡಕ್ಕೂ ಸಮಾನವಾಗಿದೆ. ಬಹುಕಾಲ ಶಸ್ತ್ರವೈದ್ಯರು ಹರಿಯದ ನೂಲನ್ನೇ ಬಯಸಿದರು. ಸಕಾಲದಲ್ಲಿ ಹರಿಯುವ ನೂಲನ್ನು ಬಯಸತಕ್ಕದ್ದೆಂದು ತಿಳಿದಂದಿನಿಂದ ಆ ವಿದ್ಯೆಯಲ್ಲಿ ಹೊಸ ಅಧ್ಯಾಯವು ಮೊದಲಾಯಿತು. ಮಗುವಿನ ಎದೆಯು ತನ್ನ ಬಲದಿಂದಲೇ ಏರಿ ಇಳಿಯತೊಡಗಿದ ಮೇಲೆ, ಅಲ್ಲಿ ವೈದ್ಯನಿಟ್ಟ ವಸ್ತುವೊಂದಿತ್ತೆಂಬುದನ್ನು ದೇಹವು ಮರೆತುಬಿಡುತ್ತದೆ. ವೈದ್ಯನಿಟ್ಟ ಶಲ್ಯವು ಶಲ್ಯವಾಗದೆ ಹೋಗುವುದೆಂದರೆ ಇದೇ.